ಕ್ಯಾನ್ ಬಸ್ ಮೆಸೇಜ್‌ಗೆ ಕಾಲ್‌ಬ್ಯಾಕ್ ಕೊಡುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಒಳಗಿನ ಕಂಟ್ರೋಲರ್‌ಗಳು ಮಾತಾಡಿಕೊಳ್ಳುವ ಎರಡು ತಂತಿಯ ಜಾಲವೇ ಕ್ಯಾನ್ ಬಸ್. ಅದರ ಮೇಲೆ ಮೊದಲ ಪ್ರಾಜೆಕ್ಟ್ ಮಾಡುವ ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗರು ನನ್ನ ಹತ್ತಿರ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ವೈರಿಂಗ್ ಸರಿ ಇದೆ ಸರ್, ಕೋಡ್ ಕಂಪೈಲ್ ಆಗ್ತಿದೆ, ಮೆಸೇಜ್ ಮಾತ್ರ ಬರ್ತಿಲ್ಲ." ಪಕ್ಕದಲ್ಲಿ ಕೂತು ನೋಡಿದರೆ ಬಹಳ ಸಲ ಬಸ್ಸಿನಲ್ಲಿ ಏನೂ ತೊಂದರೆ ಇರುವುದಿಲ್ಲ. ತಪ್ಪು ಇರುವುದು ಕಾಲ್‌ಬ್ಯಾಕ್ ಕೊಟ್ಟ ಆ ಒಂದು ಸಾಲಿನಲ್ಲಿ, ಇಲ್ಲವೇ ಆ ಕಾಲ್‌ಬ್ಯಾಕ್ ಒಳಗೆ.

ಕಾಲ್‌ಬ್ಯಾಕ್ ಅಂದರೆ ಮೆಸೇಜ್ ಬಂದಾಗ ಕರೆಯಲಿ ಎಂದು ಲೈಬ್ರರಿಗೆ ಕೊಡುವ ಫಂಕ್ಷನ್. ಈ ತಪ್ಪುಗಳಿಗೆಲ್ಲ ಬೇರು ಒಂದೇ. ಕಾಲ್‌ಬ್ಯಾಕ್ ಬರೆಯುವುದು ನೀವು, ಕರೆಯುವುದು ನೀವಲ್ಲ. ಯಾವಾಗ ಕರೆಯಬೇಕು, ಏನು ಕೊಟ್ಟು ಕರೆಯಬೇಕು, ಯಾವ ಕೆಲಸದ ಮಧ್ಯೆ ಕರೆಯಬೇಕು ಎಂಬುದು ಲೈಬ್ರರಿಯ ಕೈಯಲ್ಲಿದೆ. ಕೆಳಗಿನ ಉತ್ತರಗಳನ್ನು ಇದನ್ನು ನೆನಪಿಟ್ಟುಕೊಂಡು ಓದಿ. ಕೋಡಿನ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಅಂದ ಹಾಗೆ, ಪೈಥಾನ್ 3ರಲ್ಲಿ ಫಂಕ್ಷನ್‌ಗೆ ಕನ್ನಡದ ಹೆಸರನ್ನು ನಿಜವಾಗಿಯೂ ಇಡಬಹುದು. 'ಮೆಸೇಜು_ಬಂತು' ಎಂದು ಬರೆದರೆ ಅದು ನಡೆಯುತ್ತದೆ.

ಕ್ಯಾನ್ ಬಸ್‌ಗೆ ಕಾಲ್‌ಬ್ಯಾಕ್ ಯಾಕೆ ಬೇಕು? ಲೂಪ್‌ನಲ್ಲಿ ಓದಿದರೆ ಆಗುವುದಿಲ್ಲವೇ?

ಆಗುತ್ತದೆ, ಸಣ್ಣ ಕೆಲಸಕ್ಕೆ. ಆದರೆ ಕ್ಯಾನ್‌ನ ಸ್ವಭಾವ ನೋಡಿ. ಕಾರಿನ ಒಳಗಿನ ಕಂಟ್ರೋಲರ್‌ಗಳು ಎರಡೇ ತಂತಿಯ ಮೇಲೆ ಮಾತಾಡಿಕೊಳ್ಳಲಿ ಎಂದು ಬಾಷ್ ಕಂಪನಿ 1983ರಲ್ಲಿ ಇದರ ಕೆಲಸ ಶುರು ಮಾಡಿತು. 1986ರಲ್ಲಿ ಡೆಟ್ರಾಯಿಟ್‌ನಲ್ಲಿ ಅದನ್ನು ಎಲ್ಲರ ಮುಂದಿಟ್ಟಿತು. ಈ ಬಸ್ಸಿನಲ್ಲಿ ಯಜಮಾನ ಅಂತ ಯಾರೂ ಇಲ್ಲ. ಯಾವ ನೋಡ್ (ಬಸ್ಸಿಗೆ ಸೇರಿದ ಸಾಧನ) ಬೇಕಾದರೂ, ಬಸ್ ಖಾಲಿ ಇದ್ದಾಗ, ತನಗೆ ಬೇಕಾದಾಗ ಮೆಸೇಜ್ ಕಳಿಸಬಹುದು. ಮುಂದಿನದು ಯಾವಾಗ ಬರುತ್ತದೆ ಎಂದು ನಿಮಗೆ ಗೊತ್ತಿರುವುದಿಲ್ಲ.

ಲೂಪ್‌ನಲ್ಲಿ ಓದುವುದು ಅಂದರೆ ಹಾಲಿನವನು ಬಂದನಾ ಎಂದು ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡಿದ ಹಾಗೆ. ಕಾಲ್‌ಬ್ಯಾಕ್ ಅಂದರೆ "ಬಂದಾಗ ಬೆಲ್ ಮಾಡಿ" ಎಂದು ಹೇಳಿ ಒಳಗೆ ಕೆಲಸ ನೋಡಿಕೊಂಡ ಹಾಗೆ.

ಫಂಕ್ಷನ್ ಹೆಸರಿನ ಮುಂದೆ ಬ್ರಾಕೆಟ್ ಹಾಕಬೇಕಾ, ಬೇಡವಾ?

ಬೇಡ. ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟೈಲರ್ ಹತ್ತಿರ ಬಟ್ಟೆ ಕೊಟ್ಟು "ರೆಡಿ ಆದಾಗ ಫೋನ್ ಮಾಡಿ" ಎಂದು ನಂಬರ್ ಬರೆಸಿ ಬರುತ್ತೀರಿ. ನಂಬರ್ ಬರೆಸುವುದೇ ಬೇರೆ, ಅಂಗಡಿಯಲ್ಲೇ ನಿಂತು ಆ ನಂಬರಿಗೆ ಡಯಲ್ ಮಾಡುವುದೇ ಬೇರೆ. ಬ್ರಾಕೆಟ್ ಇಲ್ಲದ ಹೆಸರು ಅಂದರೆ ನಂಬರ್. ಹೆಸರಿನ ಮುಂದೆ ಬ್ರಾಕೆಟ್ ಹಾಕಿದಿರೋ, ಅದು ಡಯಲ್ ಮಾಡಿದ ಹಾಗೆ. ಫಂಕ್ಷನ್ ಆಗಲೇ, ಅಲ್ಲೇ ಓಡಿಬಿಡುತ್ತದೆ. ಅದು ಏನನ್ನು ವಾಪಸ್ ಕೊಟ್ಟಿತೋ ಅದು ಲೈಬ್ರರಿಯ ಕೈಗೆ ಹೋಗುತ್ತದೆ. ಕೆಳಗಿನ 'ಆನ್‌ರಿಸೀವ್' ಅಂದರೆ ನಿಮ್ಮ ಕಾಲ್‌ಬ್ಯಾಕ್ ತೆಗೆದುಕೊಳ್ಳುವ ಲೈಬ್ರರಿಯ ಫಂಕ್ಷನ್.

ಸರಿ: ಆನ್‌ರಿಸೀವ್(ಮೆಸೇಜು_ಬಂತು)
ತಪ್ಪು: ಆನ್‌ರಿಸೀವ್(ಮೆಸೇಜು_ಬಂತು())

ಸಿ++ನಲ್ಲಿ ಫಂಕ್ಷನ್ ಏನನ್ನೂ ವಾಪಸ್ ಕೊಡದಿದ್ದರೆ, ಅಂದರೆ ವಾಯ್ಡ್ ಆಗಿದ್ದರೆ, ಕಂಪೈಲರ್ "ವಾಯ್ಡ್ ಎಕ್ಸ್‌ಪ್ರೆಶನ್ನನ್ನು ಹೀಗೆ ಬಳಸುವಂತಿಲ್ಲ" ಎಂಬ ಅರ್ಥದ ಎರರ್ ಕೊಟ್ಟು ನಿಲ್ಲಿಸುತ್ತದೆ. ಅದು ಒಳ್ಳೆಯದೇ. ಸಿ ಭಾಷೆಯಲ್ಲಿ ಫಂಕ್ಷನ್ ಒಂದು ಪೂರ್ಣಾಂಕ ವಾಪಸ್ ಕೊಡುತ್ತಿದ್ದರೆ ಅಪಾಯ ಜಾಸ್ತಿ. ಹಳೆಯ ಕಂಪೈಲರ್ ಬರೀ ವಾರ್ನಿಂಗ್ ಕೊಟ್ಟು ಬಿಟ್ಟುಬಿಡುತ್ತದೆ. ಆ ಸಂಖ್ಯೆಯನ್ನೇ ಫಂಕ್ಷನ್ನಿನ ವಿಳಾಸ ಎಂದು ತಿಳಿದು, ಮೊದಲ ಮೆಸೇಜ್ ಬಂದ ಕೂಡಲೇ ಚಿಪ್ ಅಲ್ಲಿಗೆ ಜಿಗಿಯುತ್ತದೆ. ಬೋರ್ಡ್ ಅಲ್ಲೇ ಸತ್ತು ಕೂರುತ್ತದೆ.

ಪೈಥಾನ್‌ನಲ್ಲಿ ಇದು ಇನ್ನೊಂದು ರೂಪದಲ್ಲಿ ಬರುತ್ತದೆ. ಏನನ್ನೂ ವಾಪಸ್ ಕೊಡದ ಫಂಕ್ಷನ್ 'ನನ್' ಕೊಡುತ್ತದೆ. ನೀವು ಬ್ರಾಕೆಟ್ ಹಾಕಿ ಕೊಟ್ಟಿದ್ದರೆ ಲೈಬ್ರರಿಗೆ ಸಿಗುವುದು ಆ ನನ್. ನಿಮ್ಮ ಫಂಕ್ಷನ್ ಮೆಸೇಜ್ ಕೊಡಲೇಬೇಕು ಎನ್ನುವಂಥದ್ದಾದರೆ ಕೊಟ್ಟ ಸಾಲಿನಲ್ಲೇ "ಮಾಹಿತಿ ಸಾಲದು" ಎಂಬ ಅರ್ಥದ ಎರರ್ ಬರುತ್ತದೆ. ಹಾಗಿಲ್ಲದಿದ್ದರೆ ಆ ಸಾಲಿನಲ್ಲಿ ಎರರ್ ಬರುವುದೇ ಇಲ್ಲ. ಆಮೇಲೆ ಯಾವಾಗಲೋ ಮೊದಲ ಮೆಸೇಜ್ ಬಂದಾಗ "ನನ್‌ಟೈಪ್ ಅನ್ನು ಕರೆಯಲು ಬರುವುದಿಲ್ಲ" ಎಂದು, ಪ್ರೋಗ್ರಾಂ ಒಳಗೇ ಸಮಾನಾಂತರವಾಗಿ ಓಡುವ ಬೇರೆ ಥ್ರೆಡ್‌ನಿಂದ ಎರರ್ ಬರುತ್ತದೆ. ಅದು ತೋರಿಸುವ ಸಾಲು ಲೈಬ್ರರಿಯ ಒಳಗಿನದು. ಹುಡುಗರು ಲೈಬ್ರರಿಯಲ್ಲೇ ಬಗ್ ಇದೆ ಅಂದುಕೊಳ್ಳುತ್ತಾರೆ. ಈ ಎರರ್ ಕಂಡರೆ ಲೈಬ್ರರಿ ಬಿಟ್ಟು, ನೀವು ಕಾಲ್‌ಬ್ಯಾಕ್ ಕೊಟ್ಟ ಸಾಲಿಗೆ ಹೋಗಿ, ಬ್ರಾಕೆಟ್ ಹುಡುಕಿ.

ಸಿ ಭಾಷೆಯಲ್ಲಿ ಫಂಕ್ಷನ್ ಹೆಸರಿನ ಹಿಂದೆ & ಹಾಕಬೇಕಾ?

ಹಾಕಿದರೂ ಸರಿ, ಬಿಟ್ಟರೂ ಸರಿ, ಎರಡೂ ಒಂದೇ ವಿಳಾಸ. ಸಿ++ನಲ್ಲಿ ಕ್ಲಾಸಿನ ಮೆಂಬರ್ ಫಂಕ್ಷನ್‌ಗೆ ಮಾತ್ರ & ಮತ್ತು ಕ್ಲಾಸಿನ ಹೆಸರು ಎರಡೂ ಬೇಕೇ ಬೇಕು.

ಬ್ರಾಕೆಟ್ ಹಾಕುವ ಹಾಗಿಲ್ಲ ಅಂದಮೇಲೆ, ನನ್ನ ಫಂಕ್ಷನ್‌ಗೆ ಇನ್ನೊಂದು ಮಾಹಿತಿ ಕಳಿಸುವುದು ಹೇಗೆ?

ಒಳ್ಳೆಯ ಪ್ರಶ್ನೆ. ಮೆಸೇಜ್ ಜೊತೆಗೆ "ಇದು ಯಾವ ಮೋಟರಿನದು" ಎಂಬುದೂ ಬೇಕು ಅಂದುಕೊಳ್ಳಿ. ಪೈಥಾನ್‌ನಲ್ಲಿ 'ಫಂಕ್‌ಟೂಲ್ಸ್' ಒಳಗಿನ 'ಪಾರ್ಶಿಯಲ್' ಇದೆ. ಅದು ಮೋಟರ್ ಸಂಖ್ಯೆಯನ್ನು ಮೊದಲೇ ತುಂಬಿಸಿ, ಉಳಿದ ಜಾಗವನ್ನು ಮೆಸೇಜ್‌ಗೆ ಖಾಲಿ ಬಿಟ್ಟ ಹೊಸ ಫಂಕ್ಷನ್ ಕೊಡುತ್ತದೆ. ಅದನ್ನೇ ಲೈಬ್ರರಿಗೆ ಕೊಡಿ.

ಲ್ಯಾಂಬ್ಡಾ ಬಳಸಿದರೂ ಆಗುತ್ತದೆ, ಆದರೆ ಲೂಪ್ ಒಳಗೆ ಹುಷಾರು. 1ರಿಂದ 4ರವರೆಗೆ ಲೂಪ್ ಓಡಿಸಿ ನಾಲ್ಕು ಲ್ಯಾಂಬ್ಡಾ ಮಾಡಿದರೆ ನಾಲ್ಕೂ 4 ಎಂದೇ ಹೇಳುತ್ತವೆ. ಯಾಕೆ ಅಂದರೆ ಲ್ಯಾಂಬ್ಡಾ ಬೆಲೆಯನ್ನು ಹಿಡಿದಿಡುವುದಿಲ್ಲ, ವೇರಿಯಬಲ್ಲಿನ ಹೆಸರನ್ನು ಹಿಡಿದಿರುತ್ತದೆ. ಮೆಸೇಜ್ ಬರುವ ಹೊತ್ತಿಗೆ ಲೂಪ್ ಮುಗಿದು ಆ ಹೆಸರಿನಲ್ಲಿ 4 ಕೂತಿರುತ್ತದೆ. ಪಾರ್ಶಿಯಲ್‌ನಲ್ಲಿ ಈ ತೊಂದರೆ ಇಲ್ಲ, ಅದಕ್ಕೇ ನನಗೆ ಅದೇ ಇಷ್ಟ.

ಸಿ ಭಾಷೆಯ ಒಳ್ಳೆಯ ಲೈಬ್ರರಿಗಳು ಕಾಲ್‌ಬ್ಯಾಕ್ ಜೊತೆಗೆ ಒಂದು ವಾಯ್ಡ್ ಪಾಯಿಂಟರನ್ನೂ ತೆಗೆದುಕೊಳ್ಳುತ್ತವೆ. ಕೊಡುವಾಗ ಏನನ್ನು ಇಟ್ಟಿದ್ದಿರೋ ಕರೆಯುವಾಗ ಅದನ್ನೇ ವಾಪಸ್ ಕೊಡುತ್ತವೆ. ಅಲ್ಲಿ ಒಂದು ಎಚ್ಚರ. ಫಂಕ್ಷನ್ ಒಳಗಿನ ಲೋಕಲ್ ವೇರಿಯಬಲ್ಲಿನ ವಿಳಾಸ ಕೊಡಬೇಡಿ. ಆ ಫಂಕ್ಷನ್ ಮುಗಿದ ಮೇಲೆ ಆ ಜಾಗ ಬೇರೆಯವರ ಪಾಲಾಗಿರುತ್ತದೆ. ಗ್ಲೋಬಲ್ ಅಥವಾ ಸ್ಟ್ಯಾಟಿಕ್ ವೇರಿಯಬಲ್ ಕೊಡಿ.

ಫಂಕ್ಷನ್ನಿನ ಆಕಾರ ಹೊಂದುತ್ತಿಲ್ಲ ಎಂದು ವಾರ್ನಿಂಗ್ ಬರುತ್ತಿದೆ. ಕಾಸ್ಟ್ ಹಾಕಿದರೆ (ಟೈಪನ್ನು ಬಲವಂತವಾಗಿ ಬದಲಿಸಿದರೆ) ಹೋಗುತ್ತದೆ. ಹಾಕಲೇ?

ದಯವಿಟ್ಟು ಬೇಡ. ಆ ವಾರ್ನಿಂಗ್ ನಿಮಗೆ ಸಿಕ್ಕ ಉಪಕಾರ. ಲೈಬ್ರರಿ ಎರಡು ಮಾಹಿತಿ ಕೊಟ್ಟು ಕರೆಯುತ್ತೇನೆ ಅನ್ನುತ್ತಿದೆ, ನಿಮ್ಮ ಫಂಕ್ಷನ್ ಒಂದನ್ನೇ ತೆಗೆದುಕೊಳ್ಳುತ್ತಿದೆ ಎಂದೇ ಅದರ ಅರ್ಥ. ಕಾಸ್ಟ್ ಹಾಕಿದರೆ ಕಂಪೈಲರ್ ಬಾಯಿ ಮುಚ್ಚುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಇದು ಎಷ್ಟು ಗಂಭೀರ ಅಂದರೆ, ಹೊಂದದ ಪಾಯಿಂಟರ್ ಕೊಟ್ಟರೆ ಸಿ ಭಾಷೆಯಲ್ಲಿ ಇಷ್ಟು ವರ್ಷ ವಾರ್ನಿಂಗ್ ಕೊಡುತ್ತಿದ್ದ ಜಿಸಿಸಿ ಕಂಪೈಲರ್, 14ನೇ ಆವೃತ್ತಿಯಿಂದ ಅದನ್ನು ಎರರ್ ಎಂದೇ ಮಾಡಿದೆ.

ಆರ್ಡುಯಿನೋದಲ್ಲಿ ವಾರ್ನಿಂಗ್‌ಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಪ್ರಿಫರೆನ್ಸಸ್‌ಗೆ ಹೋಗಿ ಕಂಪೈಲರ್ ವಾರ್ನಿಂಗನ್ನು 'ಆಲ್' ಮಾಡಿಕೊಳ್ಳಿ. ಹೊಸ ಕಂಪ್ಯೂಟರಿನಲ್ಲಿ ನಾನು ಮಾಡುವ ಮೊದಲ ಕೆಲಸ ಅದು.

ಪೈಥಾನ್-ಕ್ಯಾನ್‌ನಲ್ಲಿ "ಫಂಕ್ಷನ್ ಇಟರೇಬಲ್ ಅಲ್ಲ" ಎಂಬ ಎರರ್ ಯಾಕೆ?

ಪೈಥಾನ್-ಕ್ಯಾನ್ ಎಂಬ ಪೈಥಾನ್ ಲೈಬ್ರರಿಯಲ್ಲಿ, ಬಸ್ಸಿನಿಂದ ಮೆಸೇಜ್ ಓದಿ ನಿಮ್ಮ ಫಂಕ್ಷನ್ನನ್ನು ಕರೆಯುವ 'ನೋಟಿಫೈಯರ್' ಕೇಳುವುದು ಕಾಲ್‌ಬ್ಯಾಕ್‌ಗಳ ಪಟ್ಟಿಯನ್ನು. ಒಂದೇ ಫಂಕ್ಷನ್ ಇದ್ದರೂ ಅದನ್ನು ಚೌಕ ಬ್ರಾಕೆಟ್ ಒಳಗೆ ಇಟ್ಟು ಕೊಡಿ: ನೋಟಿಫೈಯರ್(ಬಸ್, [ಮೆಸೇಜು_ಬಂತು]). ದುಂಡು ಬ್ರಾಕೆಟ್ ಇಲ್ಲ, ಚೌಕ ಬ್ರಾಕೆಟ್ ಇದೆ, ಗಮನಿಸಿದಿರಿ ಅಲ್ವಾ?

ಪೈಥಾನ್ ಪ್ರೋಗ್ರಾಂ ಎರರ್ ಇಲ್ಲದೆ ಥಟ್ಟನೆ ಮುಗಿದುಹೋಗುತ್ತದೆ. ಒಂದು ಮೆಸೇಜೂ ಬರಲಿಲ್ಲ.

ನೋಟಿಫೈಯರ್ ತನ್ನದೇ ಥ್ರೆಡ್ ಶುರು ಮಾಡಿ ಅಲ್ಲಿಂದ ನಿಮ್ಮ ಫಂಕ್ಷನ್ನನ್ನು ಕರೆಯುತ್ತದೆ. ಅದು ಡೀಮನ್ ಥ್ರೆಡ್. ಅಂದರೆ ಮುಖ್ಯ ಪ್ರೋಗ್ರಾಂ ಮುಗಿದರೆ ಅದಕ್ಕಾಗಿ ಯಾರೂ ಕಾಯುವುದಿಲ್ಲ. ನೋಟಿಫೈಯರ್ ಮಾಡಿದ ಸಾಲೇ ನಿಮ್ಮ ಕೊನೆಯ ಸಾಲಾಗಿದ್ದರೆ ಅಲ್ಲಿಗೆ ಎಲ್ಲ ಮುಗಿಯಿತು. ಮುಖ್ಯ ಪ್ರೋಗ್ರಾಂ ಜೀವಂತ ಇರಬೇಕು, ಒಂದು ಲೂಪ್‌ನಲ್ಲಿ ಸ್ಲೀಪ್ ಹಾಕಿದರೂ ಸಾಕು.

ಮುಗಿಸುವಾಗ ಮೊದಲು ನೋಟಿಫೈಯರನ್ನು ನಿಲ್ಲಿಸಿ, ಆಮೇಲೆ ಬಸ್ಸನ್ನು ಮುಚ್ಚಿ. ತಿರುವುಮುರುವು ಮಾಡಿದರೆ ಮುಚ್ಚಿದ ಬಸ್ಸಿನಿಂದ ಆ ಥ್ರೆಡ್ ಓದಲು ಹೋಗಿ ಎರರ್ ಬರುತ್ತದೆ.

ಇನ್ನೊಂದು ವಿಷಯ. ನಿಮ್ಮ ಕಾಲ್‌ಬ್ಯಾಕ್ ಒಳಗೆ ಎಕ್ಸೆಪ್ಶನ್ ಎದ್ದು ಅದನ್ನು ಯಾರೂ ಹಿಡಿಯದಿದ್ದರೆ ಆ ಓದುವ ಥ್ರೆಡ್ ನಿಂತುಹೋಗುತ್ತದೆ. ಮುಖ್ಯ ಪ್ರೋಗ್ರಾಂ ಏನೂ ಆಗದವರ ಹಾಗೆ ಓಡುತ್ತಲೇ ಇರುತ್ತದೆ. "ಹತ್ತು ನಿಮಿಷ ಚೆನ್ನಾಗಿ ಬಂತು, ಆಮೇಲೆ ನಿಂತೋಯ್ತು" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಎಂಟು ಬೈಟ್ ಬರುತ್ತದೆ ಎಂದು ನಂಬಿ ಬರೆದ ಕೋಡಿಗೆ ಎರಡೇ ಬೈಟಿನ ಮೆಸೇಜ್ ಬಂದರೆ ಸಾಕು. ಉದ್ದ ನೋಡಿಯೇ ಬೈಟ್ ತೆಗೆಯಿರಿ.

ಸಿ++ ಕ್ಲಾಸಿನ ಮೆಂಬರ್ ಫಂಕ್ಷನ್ನನ್ನು ಕಾಲ್‌ಬ್ಯಾಕ್ ಆಗಿ ಕೊಡಲು ಯಾಕೆ ಬಿಡುವುದಿಲ್ಲ?

ಮೆಂಬರ್ ಫಂಕ್ಷನ್‌ಗೆ ಕಣ್ಣಿಗೆ ಕಾಣದ ಇನ್ನೊಂದು ಮಾಹಿತಿ ಬೇಕು: ಯಾವ ಆಬ್ಜೆಕ್ಟಿನ ಮೇಲೆ ಓಡಬೇಕು ಎಂಬುದು. ಸಾದಾ ಫಂಕ್ಷನ್ ಪಾಯಿಂಟರಿನಲ್ಲಿ ಅದನ್ನು ಇಡಲು ಜಾಗ ಇಲ್ಲ. ಮೂರು ದಾರಿ ಇವೆ. ಆ ಫಂಕ್ಷನ್ನನ್ನು ಸ್ಟ್ಯಾಟಿಕ್ ಮಾಡಿ, ಒಂದು ಸ್ಟ್ಯಾಟಿಕ್ ಪಾಯಿಂಟರಿನಲ್ಲಿ ಆಬ್ಜೆಕ್ಟಿನ ವಿಳಾಸ ಇಟ್ಟುಕೊಳ್ಳಬಹುದು. ಲೈಬ್ರರಿ ವಾಯ್ಡ್ ಪಾಯಿಂಟರ್ ಕೊಡುವುದಾದರೆ ಅದರಲ್ಲಿ 'ದಿಸ್' ಕಳಿಸಬಹುದು. ಲೈಬ್ರರಿ 'ಎಸ್‌ಟಿಡಿ ಫಂಕ್ಷನ್' ಒಪ್ಪುವುದಾದರೆ ಲ್ಯಾಂಬ್ಡಾದಲ್ಲಿ ದಿಸ್ ಹಿಡಿದು ಕೊಡಬಹುದು. ಏನನ್ನೂ ಹಿಡಿಯದ ಲ್ಯಾಂಬ್ಡಾ ಮಾತ್ರ ಸಾದಾ ಪಾಯಿಂಟರ್ ಆಗಬಲ್ಲದು. ದಿಸ್ ಹಿಡಿದದ್ದು ಆಗುವುದಿಲ್ಲ.

ಪೈಥಾನ್‌ನಲ್ಲಿ ಈ ಕಷ್ಟವೇ ಇಲ್ಲ. ಆಬ್ಜೆಕ್ಟಿನ ಮೆಥಡ್ ಹೆಸರನ್ನು ಕೊಟ್ಟರೆ ಆಬ್ಜೆಕ್ಟೂ ಅದರ ಜೊತೆಗೇ ಹೋಗುತ್ತದೆ.

ಎಸ್‌ಟಿಎಂ32ನಲ್ಲಿ ಕಾಲ್‌ಬ್ಯಾಕ್ ಎಲ್ಲೂ ಕೊಟ್ಟೇ ಇಲ್ಲ, ಆದರೂ ಕರೆಯುತ್ತದೆ ಅನ್ನುತ್ತಾರೆ. ನನ್ನದನ್ನು ಮಾತ್ರ ಕರೆಯುತ್ತಿಲ್ಲ!

ಎಸ್‌ಟಿಎಂ32 ಮೈಕ್ರೋಕಂಟ್ರೋಲರ್ ಚಿಪ್ಪಿನಲ್ಲಿ ಫಂಕ್ಷನ್ನನ್ನು ಕೊಡುವುದು ಹೆಸರಿನ ಮೂಲಕ. ಎಚ್‌ಎಎಲ್ ಲೈಬ್ರರಿಯಲ್ಲಿ 'ಆರ್‌ಎಕ್ಸ್ ಫೈಫೋ0 ಮೆಸೇಜ್ ಪೆಂಡಿಂಗ್ ಕಾಲ್‌ಬ್ಯಾಕ್' ಎಂಬ ಖಾಲಿ ಫಂಕ್ಷನ್ ಮೊದಲೇ ಇದೆ. ಅದಕ್ಕೆ 'ವೀಕ್' ಎಂಬ ಗುರುತು ಹಾಕಿರುತ್ತಾರೆ. ಅದೇ ಹೆಸರಿನಲ್ಲಿ ನೀವು ಒಂದು ಬರೆದರೆ ಲಿಂಕರ್ ಅವರದನ್ನು ಬಿಟ್ಟು ನಿಮ್ಮದನ್ನು ಹಿಡಿಯುತ್ತದೆ.

ಈಗ ಯೋಚಿಸಿ. ಹೆಸರಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ? ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ನಿಮ್ಮದು ಯಾರೂ ಕರೆಯದ ಬೇರೊಂದು ಫಂಕ್ಷನ್ ಆಗಿ ಉಳಿಯುತ್ತದೆ. ಮೆಸೇಜ್ ಬಂದಾಗ ಅವರ ಖಾಲಿ ಫಂಕ್ಷನ್ನೇ ಓಡುತ್ತದೆ. ದೊಡ್ಡಕ್ಷರ ಚಿಕ್ಕಕ್ಷರ ಅದಲುಬದಲಾದರೂ ಇದೇ ಕಥೆ. ಅದಕ್ಕೆ ಆ ಹೆಸರನ್ನು ಕೈಯಲ್ಲಿ ಟೈಪ್ ಮಾಡಲೇಬೇಡಿ. ಲೈಬ್ರರಿಯ ಫೈಲಿನಿಂದ ಕಾಪಿ ಮಾಡಿ.

ನಿಮ್ಮ ಫೈಲ್ ಸಿ++ ಆಗಿದ್ದರೆ, ಲೈಬ್ರರಿಯ ಹೆಡರ್ ಸೇರಿಸಿಲ್ಲವಾದರೆ, ಹೆಸರು ಸರಿ ಇದ್ದರೂ ಸಾಲದು. ಸಿ++ ಕಂಪೈಲರ್ ಫಂಕ್ಷನ್ ಹೆಸರಿಗೆ ತನ್ನದೇ ಬಾಲ ಸೇರಿಸುತ್ತದೆ, ಲಿಂಕರ್ ಕಣ್ಣಿಗೆ ಅದು ಬೇರೆ ಹೆಸರು. ಫಂಕ್ಷನ್ ಹಿಂದೆ 'ಎಕ್ಸ್‌ಟರ್ನ್ "ಸಿ"' ಹಾಕಿ.

ಅನುಮಾನ ಇದ್ದರೆ ಮ್ಯಾಪ್ ಫೈಲ್ ತೆಗೆದು ಆ ಹೆಸರನ್ನು ಹುಡುಕಿ. ಅದರ ಮುಂದೆ ಲೈಬ್ರರಿಯ ಆಬ್ಜೆಕ್ಟ್ ಫೈಲ್ ಕಂಡರೆ ನಿಮ್ಮದು ಸೇರಿಲ್ಲ. ನಿಮ್ಮ ಫೈಲಿನ ಹೆಸರು ಕಂಡರೆ ಸೇರಿದೆ. ಎರಡು ನಿಮಿಷದ ಕೆಲಸ, ಒಂದು ದಿನ ಉಳಿಯುತ್ತದೆ.

ಹೆಸರು ಸರಿ ಇದ್ದೂ ಕರೆಯುತ್ತಿಲ್ಲ ಅಂದರೆ ಫಿಲ್ಟರ್ ನೋಡಿ. ಈ ಚಿಪ್ಪಿನಲ್ಲಿ ಒಂದು ಫಿಲ್ಟರನ್ನೂ ಚಾಲೂ ಮಾಡದಿದ್ದರೆ "ಎಲ್ಲವೂ ಬರಲಿ" ಎಂದು ಅರ್ಥವಲ್ಲ, ಯಾವುದೂ ಬರುವುದಿಲ್ಲ. ಎಲ್ಲವನ್ನೂ ಬಿಡುವ ಫಿಲ್ಟರ್ ಹಾಕಿ, ಕ್ಯಾನ್ ಸ್ಟಾರ್ಟ್ ಮಾಡಿ, ನೋಟಿಫಿಕೇಶನ್ ಆಕ್ಟಿವೇಟ್ ಮಾಡಿ. ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಇದನ್ನು ಮೊದಲು ನೋಡು ಎಂದು ಚಿಪ್‌ಗೆ ಬರುವ ಕರೆ) ಟಿಕ್ ಹಾಕಿದ್ದೀರಾ ಎಂದೂ ನೋಡಿ.

ಕಾಲ್‌ಬ್ಯಾಕ್ ಕರೆಯುತ್ತದೆ, ಆದರೆ ಆಮೇಲೆ ಮೇನ್ ಲೂಪ್ ಓಡುವುದೇ ಇಲ್ಲ.

ಮೆಸೇಜನ್ನು ಓದಿ ತೆಗೆದಿಲ್ಲ. ಎಸ್‌ಟಿಎಂ32ನಲ್ಲಿ ಫೈಫೋ (ಬಂದ ಮೆಸೇಜ್ ಸಾಲಾಗಿ ಕಾಯುವ ಜಾಗ) ಒಳಗೆ ಮೆಸೇಜ್ ಇರುವ ತನಕ ಇಂಟರಪ್ಟ್ ಹೊಡೆಯುತ್ತಲೇ ಇರುತ್ತದೆ. ಎಲ್‌ಇಡಿ ಮಿನುಗಿಸಿ ನೋಡೋಣ ಎಂದು ಕಾಲ್‌ಬ್ಯಾಕ್‌ನಲ್ಲಿ ಸುಮ್ನೆ ಎಲ್‌ಇಡಿ ಸಾಲು ಮಾತ್ರ ಬರೆದವರಿಗೆಲ್ಲ ಇದು ಆಗುತ್ತದೆ. ಮೆಸೇಜ್ ಬೇಡದಿದ್ದರೂ 'ಗೆಟ್ ಆರ್‌ಎಕ್ಸ್ ಮೆಸೇಜ್' ಕರೆದು ಅದನ್ನು ತೆಗೆಯಿರಿ.

ಎಂಸಿಪಿ2515 ಎಂಬ ಕ್ಯಾನ್ ಚಿಪ್ ಇರುವವರಿಗೆ ಇದೇ ತಪ್ಪು ಉಲ್ಟಾ ಕಾಣುತ್ತದೆ, ಕಾಲ್‌ಬ್ಯಾಕ್ ನಿಂತೇಹೋಗುತ್ತದೆ. ಅದರಲ್ಲಿ ಮೆಸೇಜ್ ಬಂದು ಇಳಿಯುವ ಬಫರ್ ಎರಡೇ. ಎರಡೂ ಖಾಲಿ ಆಗುವ ತನಕ ಅದರ ಇಂಟರಪ್ಟ್ ಪಿನ್ ಕೆಳಗೇ ಇರುತ್ತದೆ. ನೀವು 'ಫಾಲಿಂಗ್' (ಪಿನ್ ಕೆಳಗಿಳಿದಾಗ ಮಾತ್ರ ಕರೆ) ಎಂದು ಹಾಕಿ, ಒಂದೇ ಮೆಸೇಜ್ ಓದಿ ಹೊರಬಂದಿರಿ ಅಂದುಕೊಳ್ಳಿ. ಅಷ್ಟರಲ್ಲಿ ಇನ್ನೊಂದು ಬಂದು ಕೂತಿದೆ. ಪಿನ್ ಮೇಲೆ ಏರಲೇ ಇಲ್ಲ, ಹಾಗಾಗಿ ಮತ್ತೆ ಕೆಳಗಿಳಿಯುವ ಮಾತೇ ಇಲ್ಲ. ಇನ್ನು ಮುಂದೆ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಪಿನ್ ಮೇಲೇರುವ ತನಕ ಲೂಪ್ ಹಾಕಿ ಎಲ್ಲ ಮೆಸೇಜ್ ಓದಿ.

ಕಾಲ್‌ಬ್ಯಾಕ್ ಒಳಗೆ ಸೀರಿಯಲ್ ಪ್ರಿಂಟ್ ಹಾಕಬಹುದಾ?

ಇಂಟರಪ್ಟ್‌ನಿಂದ ಓಡುವ ಕಾಲ್‌ಬ್ಯಾಕ್ ಒಳಗೆ ಬೇಡ. ಲೆಕ್ಕ ಹಾಕಿ ತೋರಿಸುತ್ತೇನೆ.

11 ಬಿಟ್ ಐಡಿ ಮತ್ತು 8 ಬೈಟ್ ಡೇಟಾ ಇರುವ ಒಂದು ಕ್ಯಾನ್ ಫ್ರೇಮ್, ಎರಡು ಫ್ರೇಮಿನ ನಡುವಿನ ಬಿಡುವೂ ಸೇರಿ, 111 ಬಿಟ್. ಮಧ್ಯೆ ತುರುಕುವ ಸ್ಟಫ್ ಬಿಟ್‌ಗಳು ಸೇರಿದರೆ 135ರವರೆಗೂ ಹೋಗಬಹುದು. 500 ಕಿಲೋಬಿಟ್ ವೇಗದಲ್ಲಿ ಒಂದು ಬಿಟ್‌ಗೆ 2 ಮೈಕ್ರೋಸೆಕೆಂಡ್. ಅಂದರೆ ಬಸ್ ತುಂಬಿ ಓಡುತ್ತಿದ್ದರೆ ಸುಮಾರು 222 ಮೈಕ್ರೋಸೆಕೆಂಡಿಗೊಂದು ಮೆಸೇಜ್ ಬರಬಹುದು.

ಈಗ ಪ್ರಿಂಟ್ ನೋಡಿ. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್. 30 ಅಕ್ಷರದ ಸಾಲಿಗೆ 31 ಮಿಲಿಸೆಕೆಂಡ್. ಅಷ್ಟರಲ್ಲಿ 140 ಮೆಸೇಜ್ ಬಂದು ಹೋಗಬಹುದು. 115200 ಬಾಡ್ ಇಟ್ಟರೂ ಅದೇ ಸಾಲಿಗೆ 2.6 ಮಿಲಿಸೆಕೆಂಡ್, 11 ಮೆಸೇಜ್. ನಿಮ್ಮ ಚಿಪ್ಪಿನಲ್ಲಿ ಕಾದು ಕೂರಲು ಜಾಗ ಎಷ್ಟಿದೆ? ಎಂಸಿಪಿ2515ನಲ್ಲಿ ಎರಡಕ್ಕೆ. ಹಳೆಯ ಎಸ್‌ಟಿಎಂ32 ಕ್ಯಾನ್‌ನಲ್ಲಿ ಒಂದೊಂದು ಫೈಫೋಗೆ ಮೂರಕ್ಕೆ. ಉಳಿದವು ಹೋದವು, ಹೇಳದೆ ಕೇಳದೆ.

ಒಮ್ಮೆ ಒಂದು ಕಾಲೇಜಿನ ಹುಡುಗಿಯರ ತಂಡದ ಜೊತೆ ಮೂರು ಸಂಜೆ ಕೂತಿದ್ದೆ. ಬ್ಯಾಟರಿಯ ಮೆಸೇಜ್‌ಗಳಲ್ಲಿ ಕೆಲವು ಕಾಣೆಯಾಗುತ್ತಿದ್ದವು. ಯಾವುದು ಕಾಣೆಯಾಗುತ್ತಿದೆ ಎಂದು ಹುಡುಕಲು ಅವರು ಕಾಲ್‌ಬ್ಯಾಕ್ ಒಳಗೆ ಇನ್ನಷ್ಟು ಪ್ರಿಂಟ್ ಸೇರಿಸಿದ್ದರು. ಸೇರಿಸಿದಷ್ಟೂ ಕಾಣೆಯಾಗುವುದು ಜಾಸ್ತಿ ಆಯಿತು. ಮೂರನೆಯ ಸಂಜೆ ಎಲ್ಲ ಪ್ರಿಂಟ್ ತೆಗೆದು, ಬರೀ ಎಣಿಸಿದೆವು. ಒಂದೂ ತಪ್ಪಿರಲಿಲ್ಲ. ಅವತ್ತು ಅವರ ಮುಖದಲ್ಲಿ ಕಂಡ ನೆಮ್ಮದಿ ನನಗೆ ಇನ್ನೂ ನೆನಪಿದೆ.

'ಡಿಲೇ' ಕೂಡ ಬೇಡ. ಆರ್ಡುಯಿನೋ ಊನೋದಲ್ಲಿ ಇಂಟರಪ್ಟ್ ಒಳಗಿದ್ದಾಗ ಮಿಲಿಸೆಕೆಂಡ್ ಎಣಿಸುವ ಗಡಿಯಾರವೇ ನಿಂತಿರುತ್ತದೆ. ಡಿಲೇ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹಾಗಾದರೆ ಕಾಲ್‌ಬ್ಯಾಕ್ ಒಳಗೆ ಮಾಡಬೇಕಾದ್ದು ಏನು?

ಒಲೆ ಮೇಲೆ ಹಾಲಿಟ್ಟಿದ್ದೀರಿ, ಕೊರಿಯರ್‌ನವನು ಬೆಲ್ ಮಾಡಿದ. ಪಾರ್ಸೆಲ್ ತೆಗೆದುಕೊಂಡು ಮೇಜಿನ ಮೇಲಿಟ್ಟು ಒಲೆ ಹತ್ತಿರ ಬರುತ್ತೀರಿ. ಬಾಗಿಲಲ್ಲೇ ಬಿಚ್ಚಿ ನೋಡುತ್ತಾ ನಿಂತರೆ ಹಾಲು ಉಕ್ಕುತ್ತದೆ. ಕಾಲ್‌ಬ್ಯಾಕ್ ಕೆಲಸವೂ ಅಷ್ಟೇ: ಮೆಸೇಜ್ ತೆಗೆದುಕೊ, ಕ್ಯೂಗೆ ಹಾಕು, ಹೊರಡು. ಬಿಚ್ಚಿ ಓದುವುದು, ಪ್ರಿಂಟ್ ಮಾಡುವುದು, ಮೋಟರ್ ತಿರುಗಿಸುವುದು ಎಲ್ಲ ಮೇನ್ ಲೂಪ್‌ನಲ್ಲಿ.

ಕ್ಯೂ ಎಷ್ಟು ದೊಡ್ಡದಿರಬೇಕು? ನಿಮ್ಮ ಮೇನ್ ಲೂಪ್ ಒಂದು ಸುತ್ತಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅಳೆಯಿರಿ. 20 ಮಿಲಿಸೆಕೆಂಡ್ ಆದರೆ ಆ ಹೊತ್ತಿನಲ್ಲಿ ಹೆಚ್ಚೆಂದರೆ 90 ಮೆಸೇಜ್. 128 ಜಾಗ ಇಟ್ಟರೆ ನಿರಾಳ. ಆದರೆ ಒಂದು ಮೆಸೇಜ್‌ಗೆ 13 ಬೈಟ್ ಹಿಡಿದರೂ 128ಕ್ಕೆ 1664 ಬೈಟ್. ಊನೋದಲ್ಲಿ ಇರುವ ರ‍್ಯಾಮ್ ಒಟ್ಟು 2048 ಬೈಟ್. ಅಲ್ಲಿ ಕ್ಯೂ ದೊಡ್ಡದು ಮಾಡುವುದಕ್ಕಿಂತ ಫಿಲ್ಟರ್ ಹಾಕಿ ಬೇಕಾದ ಐಡಿಗಳನ್ನು ಮಾತ್ರ ಒಳಗೆ ಬಿಡುವುದು ಜಾಣತನ. ಬೇಡದ ಮೆಸೇಜನ್ನು ಚಿಪ್ಪೇ ತಡೆದರೆ ನಿಮ್ಮ ಕಾಲ್‌ಬ್ಯಾಕ್‌ಗೆ ಅರ್ಧ ಕೆಲಸ ಕಡಿಮೆ.

ಫ್ರೀಆರ್‌ಟಿಒಎಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬಳಸುವವರು ಇಂಟರಪ್ಟ್ ಒಳಗಿಂದ ಕ್ಯೂಗೆ ಹಾಕಲು 'ಫ್ರಮ್ ಐಎಸ್‌ಆರ್' ಎಂದು ಕೊನೆಯಾಗುವ ಫಂಕ್ಷನ್ನನ್ನೇ ಬಳಸಬೇಕು. ಸಾದಾ ಫಂಕ್ಷನ್ ಕ್ಯೂ ತುಂಬಿದ್ದರೆ ಕಾಯಲು ಹೋಗುತ್ತದೆ, ಇಂಟರಪ್ಟ್ ಒಳಗೆ ಕಾಯುವುದು ಅನ್ನುವುದೇ ಇಲ್ಲ. ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಬಳಸಲಿ ಎಂದು ಹಾಕುವ ಬೀಗ) ಕೂಡ ಅಲ್ಲಿ ಮುಟ್ಟುವ ಹಾಗಿಲ್ಲ.

ಪೈಥಾನ್-ಕ್ಯಾನ್‌ನಲ್ಲಿ ಕ್ಯೂ ನೀವು ಬರೆಯಬೇಕಾಗಿಲ್ಲ. 'ಬಫರ್ಡ್ ರೀಡರ್' ಇದೆ, ಅದನ್ನೇ ನೋಟಿಫೈಯರ್‌ಗೆ ಕೊಟ್ಟು, ಬೇಕಾದಾಗ ಅದರಿಂದ ಮೆಸೇಜ್ ತೆಗೆಯಿರಿ. ಪರದೆಯ ಮೇಲೆ ಮೀಟರ್ ತೋರಿಸುವವರು ಕಾಲ್‌ಬ್ಯಾಕ್ ಒಳಗಿಂದ ನೇರವಾಗಿ ಪರದೆ ಮುಟ್ಟಬೇಡಿ, ಅದು ಬೇರೆ ಥ್ರೆಡ್.

ಕಾಲ್‌ಬ್ಯಾಕ್‌ಗೆ ಬಂದ ಪಾಯಿಂಟರ್ ಇಟ್ಟುಕೊಂಡೆ. ಆಮೇಲೆ ನೋಡಿದರೆ ಬೇರೆ ಮೆಸೇಜ್ ಇದೆ.

ಆ ಪಾಯಿಂಟರ್ ನಿಮ್ಮದಲ್ಲ. ಬಹಳಷ್ಟು ಡ್ರೈವರ್‌ಗಳು ಒಂದೇ ಬಫರನ್ನು ಮತ್ತೆ ಮತ್ತೆ ಬಳಸುತ್ತವೆ. ಕಾಲ್‌ಬ್ಯಾಕ್ ಮುಗಿದ ಕ್ಷಣದಿಂದ ಅಲ್ಲಿ ಏನು ಬೇಕಾದರೂ ಬರಬಹುದು. ಐಡಿ, ಉದ್ದ, ಡೇಟಾ ಮೂರನ್ನೂ ನಿಮ್ಮ ಜಾಗಕ್ಕೆ ಕಾಪಿ ಮಾಡಿಕೊಳ್ಳಿ. ಹದಿಮೂರು ಬೈಟ್ ಕಾಪಿ ಮಾಡುವುದಕ್ಕೆ ಜಿಪುಣತನ ಬೇಡ.

ಕಾಲ್‌ಬ್ಯಾಕ್‌ನಲ್ಲಿ ಫ್ಲಾಗ್ ಬದಲಾಯಿಸಿದರೂ ಮೇನ್ ಲೂಪ್‌ಗೆ ಗೊತ್ತಾಗುತ್ತಿಲ್ಲ. ಕೆಲವೊಮ್ಮೆ ವೇಗದ ಅಂಕಿ ವಿಚಿತ್ರವಾಗಿ ಜಿಗಿಯುತ್ತದೆ.

ಮೊದಲನೆಯದಕ್ಕೆ ಆ ವೇರಿಯಬಲ್ಲನ್ನು 'ವೊಲಟೈಲ್' ಮಾಡಿ. ಲೂಪ್ ಒಳಗೆ ಯಾರೂ ಅದನ್ನು ಬದಲಾಯಿಸುತ್ತಿಲ್ಲ ಎಂದು ಕಂಪೈಲರ್ ಒಂದೇ ಸಲ ಓದಿ ಸುಮ್ಮನಾಗಿರುತ್ತದೆ. ನೀವಲ್ಲದೆ ಬೇರೆಯವರು ಕರೆಯುವ ಫಂಕ್ಷನ್ ಇದೆ ಎಂದು ಅದಕ್ಕೆ ಗೊತ್ತಿಲ್ಲ.

ಎರಡನೆಯದು ವೊಲಟೈಲ್‌ನಿಂದ ಸರಿಹೋಗುವುದಿಲ್ಲ. ಊನೋ 8 ಬಿಟ್ ಚಿಪ್. 16 ಬಿಟ್ ಸಂಖ್ಯೆಯನ್ನು ಎರಡು ತುಂಡಾಗಿ ಓದುತ್ತದೆ. ಒಂದು ತುಂಡು ಓದಿದ ಮೇಲೆ ಕಾಲ್‌ಬ್ಯಾಕ್ ನುಗ್ಗಿ 255 ಇದ್ದದ್ದನ್ನು 256 ಮಾಡಿತು ಅಂದರೆ, ನಿಮಗೆ ಹಳೆಯ ಅರ್ಧ ಹೊಸ ಅರ್ಧ ಸೇರಿ 511 ಸಿಗಬಹುದು, ಇಲ್ಲವೇ 0 ಸಿಗಬಹುದು. ಓದುವ ಮೊದಲು ಇಂಟರಪ್ಟ್ ನಿಲ್ಲಿಸಿ, ಕಾಪಿ ಮಾಡಿ, ಮತ್ತೆ ಬಿಡಿ. ಮೂರೇ ಸಾಲು.

ನಾನೇ ಕಳಿಸಿದ ಮೆಸೇಜ್ ನನ್ನ ಕಾಲ್‌ಬ್ಯಾಕ್‌ಗೆ ಬರುತ್ತಿಲ್ಲ.

ಬರಬಾರದು. ಪೈಥಾನ್-ಕ್ಯಾನ್‌ನಲ್ಲಿ ಬೇಕೇ ಬೇಕಿದ್ದರೆ ಬಸ್ ತೆರೆಯುವಾಗ 'ರಿಸೀವ್ ಓನ್ ಮೆಸೇಜಸ್' ಅನ್ನು ಟ್ರೂ ಮಾಡಿ.

ಐ2ಸಿ ಬಸ್‌ಗೂ ಇದೆಲ್ಲ ಅನ್ವಯಿಸುತ್ತದಾ?

ಹೌದು, ಚಿಪ್ಪುಗಳ ನಡುವಿನ ಆ ಇನ್ನೊಂದು ಎರಡು ತಂತಿಯ ಬಸ್ಸಿಗೂ. ಆರ್ಡುಯಿನೋದ ವೈರ್ ಲೈಬ್ರರಿಯಲ್ಲಿ 'ಆನ್‌ರಿಸೀವ್' ಕೇಳುವ ಫಂಕ್ಷನ್ ಒಂದು ಪೂರ್ಣಾಂಕ ತೆಗೆದುಕೊಳ್ಳಬೇಕು, ಎಷ್ಟು ಬೈಟ್ ಬಂತು ಎಂದು. 'ಆನ್‌ರಿಕ್ವೆಸ್ಟ್' ಕೇಳುವುದು ಏನನ್ನೂ ತೆಗೆದುಕೊಳ್ಳದ ಫಂಕ್ಷನ್. ಇವೆರಡನ್ನು ಅದಲುಬದಲು ಮಾಡುವವರು ಬಹಳ. ಊನೋದಲ್ಲಿ ಎರಡೂ ಇಂಟರಪ್ಟ್ ಒಳಗೇ ಓಡುತ್ತವೆ, ಬಫರ್ 32 ಬೈಟ್.

ಇಷ್ಟೆಲ್ಲ ನೋಡಿದರೂ ಕಾಲ್‌ಬ್ಯಾಕ್ ಒಂದು ಸಲವೂ ಕರೆಯುತ್ತಿಲ್ಲ. ಈಗ ಏನು?

ಈಗ ಕೋಡ್ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಪವರ್ ಆಫ್ ಮಾಡಿ ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ಅಳೆಯಿರಿ. ಎರಡು ತುದಿಗೆ ಒಂದೊಂದು 120 ಓಮ್ ಇದ್ದರೆ 60 ಓಮ್ ತೋರಿಸಬೇಕು. 120 ತೋರಿಸಿದರೆ ಒಂದು ತುದಿ ತಪ್ಪಿದೆ. 40 ತೋರಿಸಿದರೆ ಒಂದು ಜಾಸ್ತಿ ಇದೆ, ಯಾವುದೋ ಮಾಡ್ಯೂಲಿನ ಜಂಪರ್ ತೆಗೆಯಿರಿ.

ಆಮೇಲೆ ಎಂಸಿಪಿ2515 ಮಾಡ್ಯೂಲಿನ ಮೇಲಿನ ಕ್ರಿಸ್ಟಲ್ ಓದಿ. ಅದರ ಮೇಲೆ 8 ಎಂದಿದ್ದು ಕೋಡಿನಲ್ಲಿ 16 ಮೆಗಾಹರ್ಟ್ಸ್ ಎಂದು ಕೊಟ್ಟಿದ್ದರೆ ನಿಮ್ಮ ವೇಗ ಅರ್ಧಕ್ಕಿಳಿದಿರುತ್ತದೆ. ಆ ಬಸ್ಸಿನಲ್ಲಿ ನಿಮಗೆ ಯಾರ ಮಾತೂ ಅರ್ಥವಾಗುವುದಿಲ್ಲ.

ಒಂದೇ ಬೋರ್ಡ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದೀರಾ? ಕ್ಯಾನ್‌ನಲ್ಲಿ ಕಳಿಸಿದ ಮೆಸೇಜನ್ನು ಕನಿಷ್ಠ ಇನ್ನೊಬ್ಬರಾದರೂ ಕೇಳಿಸಿಕೊಂಡು ಅಕ್ನಾಲೆಜ್ ಮಾಡಬೇಕು. ಯಾರೂ ಇಲ್ಲದಿದ್ದರೆ ಅದು ಅದೇ ಮೆಸೇಜನ್ನು ಮತ್ತೆ ಮತ್ತೆ ಕಳಿಸುತ್ತಲೇ ಇರುತ್ತದೆ. ಇನ್ನೊಂದು ನೋಡ್ ಸೇರಿಸಿ, ಇಲ್ಲವೇ ಲೂಪ್‌ಬ್ಯಾಕ್ ಮೋಡ್ ಹಾಕಿ.

ಹಾರ್ಡ್‌ವೇರ್ ಇಲ್ಲದೆ ಕಾಲ್‌ಬ್ಯಾಕ್ ಬರೆಯುವುದನ್ನು ಕಲಿಯಬಹುದಾ?

ಕಲಿಯಬಹುದು, ಮೊದಲು ಹಾಗೆಯೇ ಕಲಿಯಿರಿ. ಲಿನಕ್ಸ್ ಕರ್ನಲ್ಲಿನಲ್ಲಿ 2008ರ 2.6.25 ಆವೃತ್ತಿಯಿಂದಲೇ ಕ್ಯಾನ್ ಬಸ್ ಬಳಸಲು ಸಾಕೆಟ್‌ಕ್ಯಾನ್ ಇದೆ. ಅದರ ಜೊತೆ 'ವಿಕ್ಯಾನ್' ಎಂಬ ಸುಳ್ಳು ಬಸ್ಸೂ ಇದೆ. ವಿಕ್ಯಾನ್0 ಎಂದು ಒಂದು ಬಸ್ ಎಬ್ಬಿಸಿ. ಒಂದು ಟರ್ಮಿನಲ್‌ನಲ್ಲಿ ನಿಮ್ಮ ಪೈಥಾನ್ ಪ್ರೋಗ್ರಾಂ ಓಡಲಿ. ಇನ್ನೊಂದರಿಂದ 'ಕ್ಯಾನ್‌ಸೆಂಡ್' ಬಳಸಿ ಒಂದು ಮೆಸೇಜ್ ಕಳಿಸಿ. ನಿಮ್ಮ ಫಂಕ್ಷನ್ ಓಡಿದರೆ ಕೊಟ್ಟಿದ್ದು ಸರಿ ಇದೆ. ಆಮೇಲೆ ಬೇಕೆಂದೇ ಬ್ರಾಕೆಟ್ ಹಾಕಿ ನೋಡಿ, ಎರಡು ಬೈಟಿನ ಮೆಸೇಜ್ ಕಳಿಸಿ ನೋಡಿ, ಕಾಲ್‌ಬ್ಯಾಕ್ ಒಳಗೆ ಒಂದು ಸೆಕೆಂಡ್ ಸ್ಲೀಪ್ ಹಾಕಿ ನೋಡಿ. ಯಾವ ತಪ್ಪಿಗೆ ಯಾವ ಎರರ್ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬೋರ್ಡ್ ಮೇಲೆ ಅದೇ ಎರರ್ ಬಂದಾಗ ಆ ಹಾಳೆ ತೆಗೆದು ನೋಡಬಹುದು.